ಕುಂಟೆತ್ತು ಮನಿ ಮನಿ ತಿರುಗಿತ್ತು

1/8

ಫೋಟೊದಾಗ ಇರೋದು ಎತ್ತು. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ನಮ್ಮ ಮನಿಯಾಗ ಇಬ್ಬರು ಇದನ್ನ ಆಡು ಅಂದ್ರು, ಒಬ್ಬರು ನಾಯಿ ಅಂದ್ರು. ಮೂರು ಕಾಲು ಗಟ್ಟಿ ಅದಾವ. ನಾಲ್ಕನೇದು ಒಣಗೋವಾಗ ಕಳಚಿ ಬಿತ್ತು, ಅದನ್ನ ಬಾಜೂಕ ಇಟ್ಟೇನಿ. ಬಲಗಡೆ ಕೋಡು ಮಣ್ಣಿನದಲ್ಲ, ಊದಿನಕಡ್ಡಿ ತುಂಡು.

ಫಿಲ್ಟರ್ ಹಾಕಿಲ್ಲ. ಚಂದ ಕಾಣೋ ಕಡೆಯಿಂದ ತೆಗೆದಿಲ್ಲ, ಮುರಿದ ಕಡೆಯಿಂದಲೇ ತೆಗೆದಿದ್ದೀನಿ.

ದೋಸ್ತರ, ಈ ಸಲ ಬರೆಯೋದು ಸ್ವಲ್ಪ ಉದ್ದ ಐತಿ, ಎಂಟು ಪೋಸ್ಟ್. ಮಣ್ಣಿನ ಕೆಲಸ ಕಲಿಯೋಕೆ ಹೋಗಿ ನಾನು ಕಲಿತದ್ದು ಮಣ್ಣಿನ ಬಗ್ಗೆ ಕಡಿಮೆ, ನಾವು ಒಬ್ಬರ ಕೆಲಸ ಇನ್ನೊಬ್ಬರು ಹೆಂಗ ನೋಡ್ತೀವಿ ಅನ್ನೋದರ ಬಗ್ಗೆ ಜಾಸ್ತಿ. ಅದರಾಗ ನನ್ನದೊಂದು ತಪ್ಪೂ ಐತಿ. ಅದನ್ನ ಮೊದಲು ಹೇಳಿ ಮುಂದೆ ಹೋಗ್ತೀನಿ.

2/8

ನಮ್ಮ ಬೆಂಚಿನ ಕಥಿ ನಿಮಗೆ ಗೊತ್ತೇ ಐತಿ. ಹೆಸರಿಗಿಂತ ಊರ ಹೆಸರೇ ಜಾಸ್ತಿ ನಡೀತದ. ನಾನು ಬೈಲಹೊಂಗಲ. ಉಳಿದವರು ಕಿತ್ತೂರು, ಸವದತ್ತಿ, ರಾಮದುರ್ಗ. ಇಬ್ಬರು ದಿನಾ ಬಸ್ಸಿಗೆ ಬರ್ತಾರ, ರಾಮದುರ್ಗ ಹಾಸ್ಟೆಲ್‌ನಾಗ ಇರ್ತಾನ.

ಹೋದ ವರ್ಷ ಸವದತ್ತಿ ಮಣ್ಣಿನಾಗ ಒಂದು ಮುಖ ಮಾಡಿದಳು. ಒಬ್ಬ ಮುದುಕಿಯ ಮುಖ. ಮಾಡಿ ಸ್ಟೋರಿ ಹಾಕಿದಳು. ಮೂಗು ಒಂದು ಕಡೆ ಜಾರಿ ಚಪ್ಪಟೆ ಆಗಿತ್ತು, ಒಂದು ಕಣ್ಣು ಮೇಲೆ, ಒಂದು ಕೆಳಗೆ. ನಾನು ಸ್ಕ್ರೀನ್‌ಶಾಟ್ ತೆಗೆದೆ. ಸ್ಟಿಕ್ಕರ್ ಮಾಡಿದೆ. ಕೆಳಗೆ "ಇಂಟರ್ನಲ್ಸ್ ಮಾರ್ಕ್ಸ್ ನೋಡಿದ ಮ್ಯಾಲೆ" ಅಂತ ಬರೆದು ಕ್ಲಾಸ್ ಗ್ರೂಪಿಗೆ ಬಿಟ್ಟೆ.

ಎಲ್ಲರೂ ನಕ್ಕರು. ಆಕೆನೂ ನಗೋ ಇಮೋಜಿ ಹಾಕಿದಳು. ಹಂಗಾಗಿ ನಾನು ಆಕೆಗೆ ಏನೂ ಅನಿಸಿಲ್ಲ ಅಂದುಕೊಂಡೆ. ಆ ಸ್ಟಿಕ್ಕರ್ ಬೇರೆ ಸೆಕ್ಷನ್‌ಗೆ ಹೋಯ್ತು, ಸೀನಿಯರ್ಸ್ ಗ್ರೂಪಿಗೆ ಹೋಯ್ತು, ಒಂದು ದಿನ ನನ್ನ ಕಸಿನ್ ಅದನ್ನ ನನಗೇ ಕಳಿಸಿದ. ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿಲ್ಲ.

ಆಮೇಲೆ ಸವದತ್ತಿ ಮಣ್ಣು ಮುಟ್ಟಲಿಲ್ಲ. ನಾವು ಯಾರೂ ಕೇಳಲೂ ಇಲ್ಲ. ಪರೀಕ್ಷೆ ಬಂತು, ರಜೆ ಬಂತು, ಮರೆತೆವು.

ಅದು ಆಕೆಯ ಅಜ್ಜಿಯ ಮುಖ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಆ ಅಜ್ಜಿ ಮೂರು ಸಂಜೆ ಕಟ್ಟಿ ಮೇಲೆ ಅಲ್ಲಾಡದೆ ಕೂತಿದ್ದರಂತೆ, ಮೊಮ್ಮಗಳು ತನ್ನ ಮುಖ ಮಾಡ್ತಾಳ ಅಂತ.

(ಇದನ್ನ ಆಕೆನ್ನ ಕೇಳಿ ಬರೆದಿದ್ದೀನಿ. ಹೆಸರು ಬ್ಯಾಡ ಅಂದಾಳ, ಹಾಕಿಲ್ಲ.)

3/8

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ನಾನೇ ಮಾಡ್ತೀನಿ ಅಂದೆ. ಎರಡು ಎತ್ತು, ಒಂದು ಗ್ವಾದಲಿ, ಅದೇನು ದೊಡ್ಡ ಮಾತು ಅಂದುಕೊಂಡೆ. ಹೊಲದಿಂದ ಒಂದು ಬುಟ್ಟಿ ಎರಿ ಮಣ್ಣು ತಂದೆ. ಕಲ್ಲು, ಬೇರು ಆರಿಸಿದೆ. ರೊಟ್ಟಿ ಹಿಟ್ಟು ನಾದಿದಂಗ ನಾದಿದೆ. ಹಸಿ ಇದ್ದಾಗ ಎತ್ತು ಬಾಳ ಚಂದ ಇತ್ತು. ಫೋಟೊ ತೆಗೆದು ಸ್ಟೋರಿ ಹಾಕಿ, ಎತ್ತನ್ನ ಬಿಸಿಲಿಗೆ ಇಟ್ಟು ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ಬೆನ್ನು ಉದ್ದಕ್ಕೆ ಸೀಳಿತ್ತು.

ಎರಡನೇದೂ ಸೀಳಿತು. ಮೂರನೇದರ ತಲೆ ಬಿತ್ತು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಕಡೆಯ ಕಪ್ಪು ಎರಿ ಮಣ್ಣಿನಾಗ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ ಜಾಸ್ತಿ. ನೀರು ಹಾಕಿದರೆ ಅದರ ಪದರಗಳ ನಡುವೆ ನೀರು ಸೇರಿಕೊಂಡು ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗುತ್ತದೆ. ಹೊರಗಿನ ಮೈ ಬೇಗ ಒಣಗಿ ಕುಗ್ಗಿತು, ಒಳಗೆ ಇನ್ನೂ ಹಸಿ, ಎರಡರ ಜಗ್ಗಾಟದಾಗ ಬಿರುಕು. ಬ್ಯಾಸಿಗ್ಯಾಗ ಹೊಲ ಕಾಲು ಸಿಗುವಷ್ಟು ಬಾಯಿ ಬಿಡೋದೂ ಇದೇ ಕಾರಣಕ್ಕ. ನೀರು ಹಿಡಿದಿಟ್ಟುಕೊಳ್ಳೋ ಇದೇ ಗುಣ ಹತ್ತಿಗೆ ಅನುಕೂಲ, ನನ್ನ ಎತ್ತಿಗೆ ಕಂಟಕ.

ನಮ್ಮ ಓಣಿ ಹಿಂದೆ ಒಂದು ಕುಂಬಾರರ ಮನಿ ಐತಿ. ಆ ಕಾಕಾ ನನ್ನ ಎತ್ತು ಕೈಯಾಗ ಹಿಡಿದು ಹೊಳ್ಳಿಸಿ ನೋಡಿದರು. "ಬರೇ ಎರಿ ಮಣ್ಣು ತಗೊಂಡಿ ಏನು? ಸಣ್ಣ ಉಸುಕು ಕೂಡಿಸು, ಒಂದೀಟು ಬೂದಿ ಕೂಡಿಸು. ನೆರಳಿನಾಗ ಇಡು, ಮ್ಯಾಲೆ ಹಸಿ ಅರಿವಿ ಹೊಚ್ಚು. ಅವಸರ ಮಾಡಬ್ಯಾಡ" ಅಂದರು. ಕಾಲು ಹಚ್ಚೋ ಮುಂದ ಎರಡೂ ಕಡೆ ಕಡ್ಡಿಲೆ ಗೀರಿ, ನಡುವೆ ತೆಳ್ಳನ ಕೆಸರು ಬಳಿದು ಒತ್ತಬೇಕಂತ. ದೊಡ್ಡದು ಮಾಡಿದರೆ ಒಳಗೆ ಪೊಳ್ಳು ಮಾಡಬೇಕಂತ. ಇಲ್ಲಂದ್ರ ದಪ್ಪ ಮಣ್ಣಿನ ಒಳಗೆ ಉಳಿದ ನೀರು ಆವಿಗ್ಯಾಗ ಹಬೆಯಾಗಿ ಹೊರಗೆ ಬರೋಕೆ ದಾರಿ ಸಿಗದೆ ಒಡೀತದ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅಂತ ಸಾಲ್ಯಾಗ ಗಾದೆ ಬರೆಸಿದ್ದರು. ಆವತ್ತು ಕುಂಬಾರರ ಅಂಗಳದಾಗ ನಿಂತು ನನಗೆ ಸವದತ್ತಿಯ ಸ್ಟಿಕ್ಕರ್ ನೆನಪಾಯ್ತು. ಒಂದು ಮೂಗು ನಿಲ್ಲಿಸೋದು ಎಷ್ಟು ಕಷ್ಟ ಅಂತ ಗೊತ್ತಿಲ್ಲದ ದೊಣ್ಣೆ ನಾನೇ ಆಗಿದ್ದೆ.

4/8

ನಾಲ್ಕನೇ ಎತ್ತು ಸೀಳಲಿಲ್ಲ, ಆದರ ಕಾಲು ಹೋಯ್ತು. ಅದೇ ಮೊದಲನೇ ಫೋಟೊದಾಗಿರೋದು. ಬ್ಯಾಸರ ಆಗಿ ಅದನ್ನ ತಿಪ್ಪಿಗೆ ಒಗೀಬೇಕು ಅಂತ ಹೊಂಟಿದ್ದೆ. ನಮ್ಮ ಆಯಿ ತಡೆದಳು. "ಯಾಕ ಒಗೀತಿ? ಕುಂಟೆತ್ತ ಅಲ್ಲೇನು ಮನಿ ಮನಿ ತಿರುಗೋದು?" ಅಂದಳು.

ಸಣ್ಣ ಊರಿನಾಗ ಬೆಳೆದವರಿಗೆ ಇದು ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಕಾರ ಹುಣ್ಣಿಮೆಗೆ ನಿಜವಾದ ಎತ್ತುಗಳ ಹಬ್ಬ. ಹದಿನೈದು ದಿನಕ್ಕ, ಜ್ಯೇಷ್ಠದ ಕಡೆ ದಿನ, ಮಣ್ಣೆತ್ತಿನ ಅಮಾವಾಸ್ಯೆ. ಬಿತ್ತಿಗೆ ದಿನಗಳು. ಹೊಲ ಇದ್ದವರು, ಇಲ್ಲದವರು, ಎಲ್ಲರ ಮನಿಯೊಳಗೂ ಜಗಲಿ ಮೇಲೆ ಮಣ್ಣಿನ ಜೋಡೆತ್ತು. ಪೂಜೆ ಆದ ಮೇಲೆ ಓಣಿ ಹುಡುಗರು ಒಂದು ಎತ್ತಿನ ಕಾಲು ಮುರಿದು, ಅದನ್ನ ಹಿಡಿದುಕೊಂಡು ಮನೆಮನೆಗೆ ಹೋಗ್ತಿದ್ದರು. ನಮ್ಮ ಎತ್ತು ಕುಂಟ ಆಗೈತಿ, ಏನಾರ ಕೊಡ್ರಿ ಅಂತ ಹಾಡು ಹೇಳ್ತಿದ್ದರು. ಮನಿಯವರು ನಗ್ತಿದ್ದರು, ನಕ್ಕು ಒಂದು ಬೊಗಸಿ ಜ್ವಾಳ ಹಾಕ್ತಿದ್ದರು, ಇಲ್ಲಾ ಚಿಲ್ಲರೆ ರೊಕ್ಕ ಕೊಡ್ತಿದ್ದರು.

ಇದರಾಗ ಒಂದು ವಿಷಯ ನೋಡ್ರಿ. ಚಂದ ಇದ್ದ ಎತ್ತು ಜಗಲಿ ಮೇಲೆ ಉಳಿಯಿತು. ಓಣಿ ತುಂಬ ತಿರುಗಿದ್ದು, ನಾಲ್ಕು ಮನಿ ಬಾಗಿಲು ತೆರೆಸಿದ್ದು ಕಾಲು ಮುರಿದದ್ದು. ನಾವು ಈಗ ಮಾಡ್ತಿರೋದು ಪೂರ್ತಿ ಉಲ್ಟಾ. ಚಂದ ಆದದ್ದನ್ನ ಮಾತ್ರ ಊರಿಗೆ ತೋರಿಸ್ತೀವಿ, ಮುರಿದದ್ದನ್ನ ಯಾರಿಗೂ ಕಾಣದಂಗ ಮುಚ್ಚಿಡ್ತೀವಿ.

ಆಗಲೂ ನಗು ಇತ್ತು. ಮಕ್ಕಳ ಕುಂಟೆತ್ತು ನೋಡಿ ಯಾರಾದರೂ ನಗೋರೇ. ಆದರ ನಗುವಿನ ಹಿಂದೆ ಒಂದು ಬೊಗಸಿ ಜ್ವಾಳ ಇತ್ತು. ನಾನು ಸವದತ್ತಿಗೆ ನಗು ಮಾತ್ರ ಕೊಟ್ಟೆ, ಬೊಗಸಿ ಖಾಲಿ ಇಟ್ಟೆ.

5/8

ಆಯಿ ಅವತ್ತು ಬೆರಳು ಮಡಚಿ ಎಣಿಸಿದಳು. ಮಳೆಗಾಲದಾಗ ನಮ್ಮ ಕಡೆ ಮಣ್ಣು ಐದು ಸಲ ದೇವರಾಗ್ತದ. ಮೊದಲು ಮಣ್ಣೆತ್ತು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಅದನ್ನ ಹುಡುಗಿಯರೇ ಕೂತು ಮಾಡ್ತಾರ. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದ ಚೌತಿಗೆ ಗಣಪ್ಪ. ಅದರ ಬೆನ್ನಿಗೆ ಜೋಕುಮಾರ. ಜೋಕುಮಾರನೂ ಒಂದೇ ಕಡೆ ಕೂಡೋನಲ್ಲ, ಬುಟ್ಟಿಯೊಳಗೆ ಕೂತು ಹೆಣ್ಣುಮಕ್ಕಳ ತಲೆ ಮೇಲೆ ಮನಿ ಮನಿ ತಿರುಗ್ತಾನ, ಬಾಯಿಗೆ ಬೆಣ್ಣಿ ಹಚ್ಚಿಸಿಕೊಳ್ತಾನ.

ಈ ಐದರಾಗ ಯಾವುದನ್ನೂ ವರ್ಷಗಟ್ಟಲೆ ಕಪಾಟಿನಾಗ ಇಟ್ಟುಕೊಳ್ಳೋದಿಲ್ಲ. ಹಬ್ಬ ಮುಗಿದ ಮೇಲೆ ಮಣ್ಣು ನೀರಿಗೆ ಹೋಗ್ತದ, ಇಲ್ಲಾ ಮಣ್ಣಿಗೇ ಹೋಗ್ತದ. ಹೋದ ವರ್ಷದ ಗುಳ್ಳವ್ವನ ಮೂಗು ಸೊಟ್ಟ ಇತ್ತು ಅಂತ ಈ ವರ್ಷ ಯಾರೂ ನೆನಪಿಸೋದಿಲ್ಲ, ಯಾಕಂದ್ರ ಆ ಗುಳ್ಳವ್ವ ಇಲ್ಲ. ಪ್ರತಿ ವರ್ಷ ಹೊಸದಾಗಿ ಮಾಡಬಹುದು, ಹೊಸದಾಗಿ ಕೆಡಿಸಬಹುದು. ಕೈ ಪಳಗೋದು ಹಂಗ.

ಮಣ್ಣು ಕರಗ್ತದ. ಸ್ಕ್ರೀನ್‌ಶಾಟ್ ಕರಗೋದಿಲ್ಲ. ಸವದತ್ತಿ ಆ ಮುಖವನ್ನ ಆವತ್ತೇ ನೀರಿಗೆ ಹಾಕಿ ಕಲಸಿಬಿಟ್ಟಿದ್ದಳು. ನನ್ನ ಸ್ಟಿಕ್ಕರ್ ಮಾತ್ರ ಇನ್ನೂ ಯಾವ ಯಾವ ಫೋನಿನಾಗ ಐತೋ ನನಗೇ ಗೊತ್ತಿಲ್ಲ. ನನ್ನ ಫೋನಿನಿಂದ ಅಳಿಸಿದೆ, ಉಳಿದವರ ಫೋನಿನಿಂದ ಅಳಿಸೋಕೆ ನನ್ನ ಕೈಲಿ ಆಗೋದಿಲ್ಲ. ಓದ್ತಿರೋ ನಿಮ್ಮ ಕಡೆ ಇದ್ದರೆ ದಯವಿಟ್ಟು ಅಳಿಸ್ರಿ.

6/8

ಕಿತ್ತೂರು ನಮ್ಮೊಳಗೆ ಧೈರ್ಯದವನು. ಅವನು ಕೂತದ್ದೇ ಚನ್ನಮ್ಮನ ಮುಖ ಮಾಡೋಕೆ. "ಹೆಂಗ ಇದ್ದಳು ಅಂತ ನಿನಗ ಹೆಂಗ ಗೊತ್ತು?" ಅಂತ ಕೇಳಿದೆ. ಅವನ ಉತ್ತರ ನನಗೆ ಹಿಡಿಸಿತು.

ಚನ್ನಮ್ಮನ ಸೈನ್ಯ ಕಿತ್ತೂರಿನಾಗ ಥ್ಯಾಕರೆಯನ್ನ ಕೆಡವಿದ್ದು 1824ರ ಅಕ್ಟೋಬರ್ 23ಕ್ಕ. ಆಕೆ ನಮ್ಮ ಬೈಲಹೊಂಗಲದ ಕೋಟೆಯೊಳಗೆ ಸೆರೆಯಲ್ಲೇ ತೀರಿಕೊಂಡಿದ್ದು 1829ರಲ್ಲಿ. ಸಮಾಧಿ ಇಲ್ಲೇ ಐತಿ. ಫೋಟೊ ತೆಗೆಯೋ ವಿದ್ಯೆ ಪ್ಯಾರಿಸ್ಸಿನಾಗ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಅಂದರೆ ಆಕೆಯ ಫೋಟೊ ಇರೋದಕ್ಕ ಸಾಧ್ಯವೇ ಇಲ್ಲ. ನಮ್ಮ ಆಯಿಗೆ ಚನ್ನಮ್ಮ ಅಂದರೆ 1961ರ ಸಿನಿಮಾದ ಬಿ. ಸರೋಜಾದೇವಿ. ನಮಗೆ ಬೆಳಗಾವಿ, ಹುಬ್ಬಳ್ಳಿ ಸರ್ಕಲ್ಲಿನಾಗ ಕುದುರಿ ಮೇಲೆ ಕತ್ತಿ ಹಿಡಿದವಳು. 2007ರಲ್ಲಿ ದಿಲ್ಲಿಯ ಸಂಸತ್ತಿನ ಆವರಣದಾಗ ನಿಂತದ್ದು ಇನ್ನೊಬ್ಬ ಶಿಲ್ಪಿಯ ಚನ್ನಮ್ಮ. "ಎಲ್ಲರೂ ತಮ್ಮ ಮನಸ್ಸಿನಾಗಿದ್ದ ಮುಖ ಮಾಡ್ಯಾರ. ನನ್ನದನ್ನ ತಪ್ಪು ಅನ್ನೋರು ಯಾರು?" ಅಂದ.

ನಾನು ಅದಕ್ಕ ಒಂದು ಮಾತು ಸೇರಿಸ್ತೀನಿ. ಚನ್ನಮ್ಮನ ಮುಖ ತಪ್ಪಿದರೆ ಹಿಡಿಯೋರಿಲ್ಲ. ಕಟ್ಟಿ ಮೇಲೆ ಎದುರಿಗೇ ಕೂತ ಅಜ್ಜಿಯ ಮುಖ ಮಾಡಿದರೆ ತಪ್ಪು ಇಡೀ ಮನಿಗೆ ಕಾಣ್ತದ. ಸವದತ್ತಿ ಹಿಡಿದದ್ದು ಅತೀ ಕಷ್ಟದ ಕೆಲಸ.

ಮೂಗಿನ ಮಾತು ಬಂತು ಅಂತ ಇನ್ನೊಂದು ಕಥಿ. 'ದಿ ಥಿಂಕರ್' ಮಾಡಿದ ಆಗಸ್ಟ್ ರೋಡಿನ್ ಹೆಸರು ಕೇಳಿರ್ತೀರಿ. ಅವನಿಗಿನ್ನೂ ಇಪ್ಪತ್ಮೂರರ ಸುಮಾರು, ರೊಕ್ಕ ಇಲ್ಲ, ಚಳಿ ಕಾಸಿಕೊಳ್ಳೋಕೆ ಬೆಂಕಿ ಇಲ್ಲದ ಕೋಣೆ. ಮೂಗು ಮುರಿದ ಒಬ್ಬ ಕೂಲಿ ಮುದುಕನನ್ನ ಕೂಡಿಸಿ ತಲೆ ಮಾಡ್ತಿದ್ದ. 1863-64ರ ಚಳಿಗಾಲದಾಗ ಹಸಿ ಮಣ್ಣು ಹೆಪ್ಪುಗಟ್ಟಿ ತಲೆಯ ಹಿಂಭಾಗ ಬಿದ್ದೇ ಹೋಯ್ತು. ಉಳಿದದ್ದು ಮುಖ ಮಾತ್ರ. ಅವನು ಅದನ್ನೇ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕ ಕಳಿಸಿದ. ತಿರಸ್ಕಾರ ಆಯ್ತು. ಬಿಡಲಿಲ್ಲ, ಅದೇ ಮುಖವನ್ನ ಮುಂದೆ ಅಮೃತಶಿಲೆಯೊಳಗೆ ಮಾಡಿಸಿ ಕಳಿಸಿದಾಗ 1875ರಲ್ಲಿ ತೆಗೆದುಕೊಂಡರು. ನಡುವೆ ಹತ್ತು ವರ್ಷಕ್ಕಿಂತ ಜಾಸ್ತಿ. ಆಗ ಯಾರಾದರೂ ಆ ಮೂಗಿನ ಸ್ಟಿಕ್ಕರ್ ಮಾಡಿ ಊರೆಲ್ಲ ಹಂಚಿದ್ದರೆ ಅವನು ತಡಕೊಳ್ತಿದ್ದನೋ ಇಲ್ಲೋ!

7/8

ಈಗ ನನ್ನ ಅಭಿಪ್ರಾಯ. ಒಪ್ಪದಿದ್ದರೆ ಕೆಳಗೆ ಬರೀರಿ, ಜಗಳ ಆಡೋಣ.

ಒಂದು. "ಸೂಪರ್" ಅನ್ನೋದೂ ನೋಡದೇ ಇದ್ದಂಗೇ. ನನ್ನ ಮೊದಲ ಎತ್ತಿನ ಸ್ಟೋರಿಗೆ ಬೆಂಕಿ ಇಮೋಜಿ ಸಾಲುಸಾಲು ಬಂತು. ಆ ಎತ್ತು ಸಂಜೆಗೆ ಸೀಳಿತು. ರಾಮದುರ್ಗ ಒಬ್ಬನೇ ಬರೆದ: "ಮುಂಗಾಲು ಗಿಡ್ಡ ಆಗ್ಯಾವ, ಭಾರ ಎಲ್ಲಾ ಮುಂದ ಬಿದ್ದೈತಿ, ತಲಿ ಬೀಳ್ತೈತಿ ನೋಡು." ಅವರ ಮನಿಯಾಗ ಎತ್ತು ಅದಾವ, ಅವನಿಗೆ ಗೊತ್ತು. ಓದಿ ಸಿಟ್ಟು ಬಂತು. ಮೂರನೇ ಎತ್ತಿನ ತಲೆ ಬಿದ್ದಾಗ ಸಿಟ್ಟು ಇಳೀತು. ಆ ಒಂದು ಸಾಲೇ ನನಗೆ ಬಂದ ಒಂದು ಬೊಗಸಿ ಜ್ವಾಳ.

ಎರಡು. ಫೋಟೊಕ್ಕ ಒಂದೇ ಮುಖ, ಮಣ್ಣಿಗೆ ಸುತ್ತೂ ಮುಖ. ಕುಂಬಾರ ಕಾಕಾ ಕೈಯಾಗ ಹಿಡಿದು ಹೊಳ್ಳಿಸಿ ನೋಡಿದ್ದರಿಂದಲೇ ಬಿರುಕು ಎಲ್ಲಿಂದ ಶುರು ಆಗೈತಿ ಅಂತ ಕಂಡದ್ದು. ಹಂಗಾಗಿ ಫೋಟೊ ಹಾಕ್ರಿ, ಜೊತೆಗೆ ದೋಸ್ತರ ಕೈಗೂ ಕೊಡ್ರಿ. ಮುಟ್ಟಲಿ, ಭಾರ ನೋಡಲಿ.

ಮೂರು. ಇನ್ನೊಬ್ಬರ ಅರ್ಧ ಆದ ಕೆಲಸವನ್ನ ಅವರನ್ನ ಕೇಳದೆ ಮುಂದೆ ಕಳಿಸಬ್ಯಾಡ್ರಿ. ಅವರು ನಗೋ ಇಮೋಜಿ ಹಾಕಿದರು ಅಂದರೆ ಒಪ್ಪಿಗೆ ಅಲ್ಲ. ಎಲ್ಲರೂ ನಗುವಾಗ ಒಬ್ಬರೇ ಅಳೋಕಾಗ್ತದೇನು?

ಕಿತ್ತೂರು ಇದಕ್ಕ ತಕರಾರು ಮಾಡಿದ. "ನಿಮ್ಮ ಆಯಿ ಕಾಲದ ಓಣಿ ಬ್ಯಾರೆ. ಕುಂಟೆತ್ತು ತಂದ ಹುಡುಗ ಯಾರ ಮಗ ಅಂತ ಪ್ರತಿ ಮನಿಗೂ ಗೊತ್ತಿತ್ತು. ಇನ್‌ಸ್ಟಾದಾಗ ಯಾರಿಗೆ ಯಾರು ಗೊತ್ತು? ಮುರಿದದ್ದು ತೋರಿಸು ಅಂತ ಹೇಳಿ ನೀನು ಮತ್ತ ನಾಲ್ಕು ಮಂದಿಯನ್ನ ಸ್ಟಿಕ್ಕರ್ ಮಾಡಿಸ್ತಿ." ಅವನ ಮಾತು ಖರೇ. ಅದಕ್ಕ ನನ್ನ ಮಾತು ಸ್ವಲ್ಪ ತಿದ್ದಿಕೊಳ್ತೀನಿ. ಕುಂಟೆತ್ತು ಮೊದಲು ನಿಮ್ಮ ಓಣಿಗೆ ತೋರಿಸ್ರಿ, ಅಂದರೆ ಕ್ಲೋಸ್ ಫ್ರೆಂಡ್ಸ್‌ಗೆ, ಒಂದು ಬೆಂಚಿಗೆ, ಮನಿಯವರಿಗೆ. ಊರಿಗೆ ತೋರಿಸಲೇಬೇಕು ಅಂತಿಲ್ಲ. ನಾನು ಇಲ್ಲಿ ನನ್ನದನ್ನ ಹಾಕಿದ್ದು ಯಾಕಂದ್ರ ಸ್ಟಿಕ್ಕರ್ ಮಾಡಿದವನ ಪಾಳಿ ಈಗ ನನ್ನದು.

ಇನ್ನೊಂದು: ಪ್ಯಾಟಿಯಿಂದ ಜೋಡೆತ್ತು ತರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕುಂಬಾರರ ಮನಿ ನಡೆಯೋದು ಅದರಿಂದ. ತರ್ರಿ, ಜಗಲಿ ಮೇಲೆ ಇಡ್ರಿ. ಬಾಜೂಕ ನೀವು ಮಾಡಿದ ಕುಂಟೆತ್ತೂ ಇರಲಿ. ಖರೇನೇ ಕಲಿಯೋ ಮನಸ್ಸಿದ್ದವರಿಗೆ ನಮ್ಮ ಜಿಲ್ಲೆಯ ಖಾನಾಪುರದಾಗೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಐತಿ ಅನ್ನೋದೂ ಗೊತ್ತಿರಲಿ.

8/8

ಹೋದ ಐತವಾರ ಸವದತ್ತಿ ಬಸ್ ಹತ್ತಿದೆ. ಕೈಚೀಲದಾಗ ಹಳೇ ಅರಿವಿಯೊಳಗೆ ಸುತ್ತಿದ ಕುಂಟೆತ್ತು, ಬ್ಯಾರೆ ಪೊಟ್ಟಣದಾಗ ಅದರ ಕಾಲು. ದಾರಿ ತುಂಬ ಏನು ಹೇಳಬೇಕು ಅಂತ ಯೋಚಿಸಿದ್ದೆ. ಮನಿ ಬಾಗಿಲಿನಾಗ ಆಕೆನ್ನ ನೋಡಿದ ಮೇಲೆ ಬಂದದ್ದು ಒಂದೇ ಮಾತು: "ಸ್ಟಿಕ್ಕರ್ ಮಾಡಿದ್ದು ತಪ್ಪಾತು."

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜಿಗೆ ಗೊತ್ತಿಲ್ಲ. ಹೇಳಬ್ಯಾಡ" ಅಂದಳು. ಅಷ್ಟೇ. ಕ್ಷಮಿಸೇನಿ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಜ್ಜಿ ಒಳಗಿನಿಂದ ಬಂದರು. ಎತ್ತು ನೋಡಿ ಗಟ್ಟಿಯಾಗಿ ನಕ್ಕರು. "ಇದೇನವಾ, ನಾಯಿ ಮಾಡ್ಯಾರೇನು?" ಅಂದರು. ನಾನು ಎತ್ತು ಅಂದೆ. ಮತ್ತ ನಕ್ಕರು. ನಕ್ಕು ಒಂದು ಮುದ್ದಿ ಮಣ್ಣು ತರಿಸಿ ಕಟ್ಟಿ ಮೇಲೆ ಕೂತರು. "ಕಾಲು ಆಮ್ಯಾಲೆ ಹಚ್ಚೂದಲ್ಲ ಇದು. ಮುದ್ದಿಯೊಳಗಿಂದನ ಕಾಲು ಎಳೀಬೇಕು. ಹಚ್ಚಿದ್ದು ಬೀಳ್ತೈತಿ, ಎಳದದ್ದು ಬೀಳೂದಿಲ್ಲ" ಅಂತ ಹೇಳಿ ನಾಲ್ಕು ಸಲ ಹಿಸುಕಿದರು. ನಾಲ್ಕು ಕಾಲು. ಒಂದು ಚಿವುಟು, ಡುಬ್ಬ. ಎರಡು ಚಿವುಟು, ಕೋಡು. ಎತ್ತು ನಿಂತಿತು. ಅವರ ಕೈ ಒಂದು ಸಲವೂ ತಡವರಿಸಲಿಲ್ಲ.

ಸವದತ್ತಿ ಅಜ್ಜಿಯ ಬಾಜೂಕ ಕೂತು ನೋಡ್ತಿದ್ದಳು. ಎತ್ತು ನೋಡ್ತಾಳ ಅಂದುಕೊಂಡಿದ್ದೆ. ನೋಡಿದರೆ ಅಜ್ಜಿಯ ಮೂಗು ನೋಡ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಉಳಿದ ಮಣ್ಣು ತನ್ನ ಕಡೆ ಎಳೆದುಕೊಂಡಳು. ಏನು ಮಾಡ್ತಿ ಅಂತ ನಾನು ಕೇಳಲಿಲ್ಲ. ಫೋನ್ ಚೀಲದಾಗೇ ಇತ್ತು, ತೆಗೀಲಿಲ್ಲ. ಹಂಗಾಗಿ ಈ ಪೋಸ್ಟಿಗೆ ಆಕೆಯ ಕೆಲಸದ ಫೋಟೊ ಇಲ್ಲ. ಇರೋದು ಅಜ್ಜಿಯ ಎತ್ತು, ಅವರನ್ನ ಕೇಳಿ ಹಾಕೇನಿ. ಪಕ್ಕದಾಗ ನನ್ನದು.

ಮುಂದಿನ ಐತವಾರ ನಮ್ಮ ಮನಿ ಕಟ್ಟಿ ಮೇಲೆ ಮಣ್ಣು ನೆನೆಸಿ ಇಟ್ಟಿರ್ತೀನಿ. ಬರೋರು ಬರ್ರಿ. ಬರೋವಾಗ ಒಡೆದದ್ದು, ಸೀಳಿದ್ದು, ಸೊಟ್ಟ ಆದದ್ದು ಏನಿದ್ದರೂ ತರ್ರಿ.

ಕಮೆಂಟಿನಾಗ "ಸೂಪರ್" ಬರೀಬ್ಯಾಡ್ರಿ. ನನ್ನ ಎತ್ತಿನ ಯಾವ ಕಾಲು ತಪ್ಪೈತಿ, ಹೇಳ್ರಿ.

#ಕುಂಟೆತ್ತು #ಮಣ್ಣೆತ್ತಿನಅಮಾವಾಸ್ಯೆ #ಎರಿಮಣ್ಣು #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ